ನಲವತ್ತೊಂದನೇ ಸಾಲು, ಏಳನೇ ಬಾಗಿಲು

ಕಿಯಾಂಕೊ, 41ನೇ ಸಾಲು, 7ನೇ ಬಾಗಿಲು
5 ಏಪ್ರಿಲ್ 1960

ಸೆನ್ಯೋರಾ ಲಾಸ್ತೆನಿಯಾ ಅವರಿಗೆ,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಭಾನುವಾರದಿಂದ ನನ್ನ ಮಗಳು ನಿಮ್ಮ ಮನೆಯಲ್ಲಿ ಮಲಗುತ್ತಿದ್ದಾಳೆ. ಮುಷ್ಕರ ಸಮಿತಿಯವರು ನನಗೆ ಕೊಟ್ಟ ಚೀಟಿಯಲ್ಲಿ ನಿಮ್ಮ ಹೆಸರು, ವಾಲ್ಪರೈಸೊದ ವಿಳಾಸ, ‘ಗಂಡ ರೈಲ್ವೆ ನೌಕರ, ಮಕ್ಕಳಿಲ್ಲ’ ಎಂದಷ್ಟೇ ಇದೆ. ನಿಮಗೆ ಕೊಟ್ಟ ಚೀಟಿಯಲ್ಲಿ ಇನ್ನೂ ಕಡಿಮೆ ಇರಬಹುದು, ಅದಕ್ಕೆ ಹೇಳುತ್ತೇನೆ. ನಾನು ಒಟಿಲಿಯಾ. ಯಜಮಾನರು ನಿವಾಲ್ದೊ, ಸಮುದ್ರದಡಿಯ ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಾರೆ. ಈಗ ಐದು ವಾರದಿಂದ ಯಾರೂ ಕಡಿಯುತ್ತಿಲ್ಲ. ನೊಯೆಮಿ ಒಬ್ಬಳೇ ಮಗಳು, ಆರು ವರ್ಷ.

ಉತ್ತರ ಬರೆಯುವಾಗ ನನ್ನ ಹೆಸರಿಗಿಂತ ಸಾಲು, ಬಾಗಿಲು ಮುಖ್ಯ. ಇಲ್ಲಿನ ಅಂಚೆಯವನು ಕಂಪನಿಯ ಆಳು. ಅವನು ಹೆಸರು ಓದುವುದಿಲ್ಲ, ಬಾಗಿಲು ಓದುತ್ತಾನೆ. ನನ್ನಜ್ಜ ಬಂದಾಗ ಇಲ್ಲಿ ಮೀನುಗಾರರ ನಾಲ್ಕು ಗುಡಿಸಲು ಇದ್ದವಂತೆ. ಆಮೇಲೆ ಕಂಪನಿ ಸಾಲುಮನೆಗಳನ್ನು ಕಟ್ಟಿತು, ಸಾಲಿಗೊಂದು ನಲ್ಲಿ, ರೊಟ್ಟಿ ಸುಡಲು ಒಂದು ಭಟ್ಟಿ ಕಟ್ಟಿತು, ಶಾಲೆ, ಚರ್ಚು, ಅಂಗಡಿ, ಕೊನೆಗೆ ಸ್ಮಶಾನವನ್ನೂ ಕಟ್ಟಿತು. ಮನೆಯಿಂದ ಒಬ್ಬ ಗಂಡಸು ಗಣಿಗಿಳಿಯುತ್ತಿರುವವರೆಗೆ ಬಾಗಿಲು ನಮ್ಮದು, ಆಮೇಲೆ ಇಲ್ಲ. ಇಲ್ಲಿ ನಮ್ಮ ಸ್ವಂತದ್ದು ಅಂದರೆ ಮಕ್ಕಳು ಮಾತ್ರ. ಹಸಿವು ಬಂದಾಗ ಮೊದಲು ಅವರನ್ನೇ ಬೇರೆ ಊರಿನ ಮನೆಗಳಿಗೆ ಕಳಿಸಿಬಿಟ್ಟೆವು.

ಅವಳು ತಿನ್ನುವುದು ನಿಧಾನ, ಗದರಬೇಡಿ. ಬಟ್ಟೆ, ಬೂಟು ಏನೂ ಕೊಡಿಸಬೇಡಿ. ವಾಪಸು ಬಂದಾಗ ಅವಳು ನಮ್ಮ ಹುಡುಗಿಯ ಹಾಗೆಯೇ ಕಾಣಬೇಕು. ಒಂದು ತಿಂಗಳ ಮಾತು. ನಿಮ್ಮ ಉಪಕಾರ ಮರೆಯುವವಳಲ್ಲ.

ಒಟಿಲಿಯಾ ಸಾನ್ವೆಸಾ


ವಾಲ್ಪರೈಸೊ, 11 ಏಪ್ರಿಲ್ 1960

ಪ್ರಿಯ ಒಟಿಲಿಯಾ,

ಸೆನ್ಯೋರಾ ಗಿನ್ಯೋರಾ ಬೇಡ, ನಿಮಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಅಕ್ಕ ಅನ್ನಿ ಸಾಕು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನನ್ನ ನಾಲಿಗೆ ಹೊಲಿಗೆ ಮಿಷನ್ನಿಗಿಂತ ಜೋರು ಎಂದು ನಮ್ಮ ಯಜಮಾನರು ಅನ್ಸೆಲ್ಮೊ ಹೇಳುತ್ತಾರೆ, ಪತ್ರದಲ್ಲೂ ಅದೇ ಕಥೆ, ಸಹಿಸಿಕೊಳ್ಳಿ.

ಮಗು ಆರಾಮಾಗಿದೆ. ಮೊದಲೆರಡು ದಿನ ನನ್ನ ಹತ್ತಿರ ಮಾತಿಲ್ಲ, ಮಿಷನ್ನಿನ ಕೆಳಗೆ ಕೂತು ಪೆಡಲಿನ ಹತ್ತಿರ ಮಾತಾಡುತ್ತಿದ್ದಳು. ಈಗ ದೊಡ್ಡಮ್ಮ ಅನ್ನುತ್ತಾಳೆ. ಬಂದರಿನಿಂದ ನಮ್ಮ ಗುಡ್ಡದ ಮನೆಗೆ ಇನ್ನೂರ ಹದಿನಾಲ್ಕು ಮೆಟ್ಟಿಲಂತೆ, ಅವಳೇ ಎಣಿಸಿದ್ದು. ಇಪ್ಪತ್ತು ವರ್ಷ ಹತ್ತಿಳಿದ ನನಗೆ ಇದು ಗೊತ್ತೇ ಇರಲಿಲ್ಲ.

ಒಂದು ವಿಷಯ ಹೇಳಲೋ ಬೇಡವೋ. ದಿಂಬಿನ ಕೆಳಗೆ ನಾಲ್ಕು ತುಂಡು ರೊಟ್ಟಿ ಸಿಕ್ಕಿತು. “ಈ ಮನೇಲಿ ರೊಟ್ಟಿಗೆ ಬರ ಇಲ್ಲ ಕಂದ” ಅಂದೆ. “ನಂಗೊತ್ತು” ಅಂದಳು, ನನ್ನೆದುರಿಗೇ ಐದನೆಯದನ್ನೂ ಇಟ್ಟಳು. ಎಷ್ಟು ಹಸಿದಿತ್ತೋ ಜೀವ. ನಿಮ್ಮನ್ನು ದೂರುತ್ತಿಲ್ಲ, ತಪ್ಪು ತಿಳಿಯಬೇಡಿ.

ಬೂಟಿನ ವಿಷಯ ತಿಳಿಯಿತು.

ಲಾಸ್ತೆನಿಯಾ


ಕಿಯಾಂಕೊ, 41ನೇ ಸಾಲು, 7ನೇ ಬಾಗಿಲು
19 ಏಪ್ರಿಲ್ 1960

ಲಾಸ್ತೆನಿಯಾ ಅಕ್ಕನವರಿಗೆ,

ನೊಯೆಮಿ ಹಸಿವಿಗೆ ರೊಟ್ಟಿ ಬಚ್ಚಿಡುತ್ತಿಲ್ಲ. ಗಣಿಗೆ ಇಳಿಯುವವರಿಗೆ ನಾವು ಬುತ್ತಿಗೆ ರೊಟ್ಟಿ ಕಟ್ಟುತ್ತೇವೆ. ಎಷ್ಟೇ ಹಸಿವಾದರೂ ಅದರಲ್ಲಿ ಒಂದು ತುಂಡು ಉಳಿಸಿ ಮೇಲೆ ತರುವುದು ಇಲ್ಲಿನ ಅಪ್ಪಂದಿರ ಪದ್ಧತಿ. ಹೆಬ್ಬೆರಳಿನ ಕರಿ ಗುರುತು ಬಿದ್ದ, ಒಣಗಿಹೋದ ತುಂಡು. ಮಕ್ಕಳೆಲ್ಲ ಅದಕ್ಕಾಗಿ ಗಣಿಯ ಗೇಟಿನಲ್ಲಿ ಕಾಯುತ್ತಾರೆ, ಭಟ್ಟಿಯಿಂದ ತೆಗೆದ ಬಿಸಿ ರೊಟ್ಟಿಗಿಂತ ಅದೇ ಅವರಿಗೆ ರುಚಿ. ಮನೆಯಿಂದ ಹೋದವರು ಒಂದು ತುಂಡು ವಾಪಸು ತರಬೇಕು ಎಂದು ಅವಳು ತಿಳಿದಿದ್ದಾಳೆ. ನಿಮ್ಮಲ್ಲಿಗೆ ಬಂದಿರುವುದು ಅವಳ ಲೆಕ್ಕದಲ್ಲಿ ಒಂದು ಪಾಳಿ. ಆ ರೊಟ್ಟಿ ಬಿಸಾಡಬೇಡಿ, ಇರುವೆ ಬಂದರೂ ಸರಿ.

ಇಲ್ಲಿ ಗಣಿಯ ಪಾಳಿ ಬದಲಾಗುವಾಗಿನ ಸೈರನ್ನಿನ ಕೂಗು ನಿಂತುಹೋಗಿದೆ. ಅರವತ್ತು ವರ್ಷ ಅದು ಕೂಗಿದಾಗ ಎದ್ದು, ಕೂಗಿದಾಗ ಉಂಡ ಊರು ಇದು. ಈಗ ಯಾರಿಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಗಂಡಸರು ಗೇಟಿನವರೆಗೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಸಾಲಿಗೆಲ್ಲ ಒಂದೇ ಹಂಡೆಯಲ್ಲಿ ಅಡುಗೆ: ಸಮುದ್ರದ ಪಾಚಿ, ಚಿಪ್ಪುಮೀನು, ಅದೃಷ್ಟವಿದ್ದರೆ ಆಲೂಗಡ್ಡೆ.

ನಿವಾಲ್ದೊ ಚೆನ್ನಾಗಿದ್ದಾರೆ. ಸಮಿತಿಯ ಕೆಲಸ, ಮನೆಗೆ ಬರುವುದು ಕಡಿಮೆ.

ಒಟಿಲಿಯಾ


ವಾಲ್ಪರೈಸೊ, 27 ಏಪ್ರಿಲ್ 1960

ತಂಗಿ ಒಟಿಲಿಯಾ,

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ಈಗ ಅವಳ ರೊಟ್ಟಿಗೆ ಒಂದು ತಗಡಿನ ಡಬ್ಬಿ ಕೊಟ್ಟಿದ್ದೇನೆ. ವಾರಕ್ಕೊಮ್ಮೆ ಹಳೆಯದನ್ನು ನಾವು ಮೂವರೂ ಕಾಫಿಯಲ್ಲಿ ಅದ್ದಿ ತಿನ್ನುತ್ತೇವೆ, ಹೊಸದನ್ನು ತುಂಬುತ್ತೇವೆ. ಇದಕ್ಕೆ ಅವಳ ಒಪ್ಪಿಗೆ ಪಡೆಯಲು ಅನ್ಸೆಲ್ಮೊ ಒಂದು ಸಂಜೆ ಪೂರ್ತಿ ವಾದ ಮಾಡಬೇಕಾಯಿತು.

ಪಕ್ಕದ ಬೀದಿಯ ಶಾಲೆಗೆ ಸೇರಿಸಿದ್ದೇನೆ. ಟೀಚರು ಬಹಳ ಮೆಚ್ಚಿಕೊಂಡಿದ್ದಾರೆ. ಬೀದಿಯಲ್ಲಿ ಯಾರೋ ‘ನಿಮ್ಮ ಮಗಳಾ?’ ಎಂದು ಕೇಳಿದರು. ನಾನು ಏನೋ ಹೇಳಿದೆ, ನೆನಪಿಲ್ಲ.

ಪೇಪರಿನಲ್ಲಿ ನಿಮ್ಮೂರಿನ ಸುದ್ದಿ ಓದಿದರೆ ಕೈಗೆ ಸೂಜಿ ಹಿಡಿಯಲಾಗುವುದಿಲ್ಲ. ಕಂಪನಿಯವರು ಮುಷ್ಕರದ ಮುಂದಾಳುಗಳ ಪಟ್ಟಿ ಮಾಡಿದ್ದಾರಂತೆ, ಅವರನ್ನು ಮನೆ ಬಿಡಿಸಿ ಹೊರಗಿನವರನ್ನು ತುಂಬುತ್ತಾರಂತೆ. ನಿಮ್ಮವರ ಹೆಸರು ಅದರಲ್ಲಿಲ್ಲ ತಾನೆ? ಮಗುವಿನ ಶಾಲೆಯ ವರ್ಷ ಡಿಸೆಂಬರಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಇಲ್ಲೇ ಇದ್ದರೆ ಏನು ಎಂದು ಒಂದು ಯೋಚನೆ. ಸೂರು ಗಟ್ಟಿಯಿಲ್ಲದ ಕಡೆಗೆ ಆರು ವರ್ಷದ ಕೂಸನ್ನು ಹೇಗೆ ಕಳಿಸುವುದು, ನೀವೇ ಹೇಳಿ.

ನಿಮ್ಮ ಅಕ್ಕ,
ಲಾಸ್ತೆನಿಯಾ


ಕಿಯಾಂಕೊ, 41ನೇ ಸಾಲು, 7ನೇ ಬಾಗಿಲು
3 ಮೇ 1960

ಸೆನ್ಯೋರಾ,

ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಸೂರು ಗಟ್ಟಿಯಾಗಿದೆ. ನಾನು ಹುಟ್ಟಿದ್ದು ಈ ಬಾಗಿಲಿನ ಒಳಗೆ, ನನ್ನವ್ವ ಹುಟ್ಟಿದ್ದೂ ಇದೇ ಬಾಗಿಲಿನ ಒಳಗೆ.

ಮಗುವನ್ನು ನಾವು ಕಳಿಸಿದ್ದು ಹೊಟ್ಟೆಪಾಡಿಗೆ, ದತ್ತು ಕೊಡುವುದಕ್ಕಲ್ಲ. ಮುಷ್ಕರ ಮುಗಿದ ಮೇಲೆ ಊರಿನ ಮಕ್ಕಳನ್ನೆಲ್ಲ ವಾಪಸು ತರುವ ರೈಲು ಹೊರಡುತ್ತದಲ್ಲ, ಅದೇ ರೈಲಿನಲ್ಲಿ ಅವಳಿರಬೇಕು. ಡಿಸೆಂಬರಿನ ಮಾತು ಇನ್ನೊಮ್ಮೆ ಬೇಡ. ಬೀದಿಯವರು ಕೇಳಿದಾಗ ಏನು ಹೇಳಿದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ.

ಒಟಿಲಿಯಾ ಸಾನ್ವೆಸಾ


ವಾಲ್ಪರೈಸೊ, 10 ಮೇ 1960

ಒಟಿಲಿಯಾ,

ನೆನಪಿದೆ. ‘ಹೌದು’ ಅಂದೆ. ಬೀದಿಯಲ್ಲಿ ಹೋಗುವ ಹೆಂಗಸಿಗೆ ಒಂದು ‘ಹೌದು’ ಹೇಳಿ ಹತ್ತು ಹೆಜ್ಜೆ ಸುಖವಾಗಿ ನಡೆದೆ, ಅಷ್ಟೇ. ತಪ್ಪಾಯಿತು. ಡಿಸೆಂಬರಿನ ಮಾತು ಮರೆತುಬಿಡಿ, ನಾನೇ ರೈಲು ಹತ್ತಿಸುತ್ತೇನೆ.

ತಪ್ಪು ಒಪ್ಪಿಕೊಳ್ಳುವ ದಿನವೇ ಆದ್ದರಿಂದ ಇದನ್ನೂ ಹೇಳುತ್ತೇನೆ. ನಿಮ್ಮ ಮೊದಲ ಪತ್ರ ಬರುವ ಹೊತ್ತಿಗೇ ಬೂಟು ಕೊಡಿಸಿ ಆಗಿತ್ತು. ಕೆಂಪು ಬಣ್ಣದ್ದು. ಕಳಿಸುವಾಗ ಹಳೆಯದನ್ನೇ ಹಾಕಿ ಕಳಿಸುತ್ತೇನೆ.

ಒಂದು ಸಾಲು ಬರೆಯಿರಿ, ಕೋಪದ್ದಾದರೂ ಸರಿ.

ಲಾಸ್ತೆನಿಯಾ


ವಾಲ್ಪರೈಸೊ, 24 ಮೇ 1960

ಒಟಿಲಿಯಾ,

ಶನಿವಾರ ಬೆಳಗ್ಗೆ ನಿಮ್ಮ ಕಡೆ ನೆಲ ನಡುಗಿತೆಂದು ರೇಡಿಯೊದಲ್ಲಿ ಬಂದಾಗಿನಿಂದ ನಾನು ಒಂದು ಕಡೆ ಕೂತಿಲ್ಲ. ಕಿಯಾಂಕೊ ಹೆಸರು ಒಂದು ಸಲ ಹೇಳಿದರು, ಸಾಲುಮನೆಗಳು ಬಿರುಕು ಬಿಟ್ಟಿವೆ ಎಂದರು, ಆಮೇಲೆ ಬೇರೆ ಊರುಗಳಿಗೆ ಹೋದರು. ಅನ್ಸೆಲ್ಮೊ ರೈಲ್ವೆ ತಂತಿಯಲ್ಲಿ ವಿಚಾರಿಸಿದರು, ಹಳಿಯೇ ಇಲ್ಲ ಎಂಬ ಉತ್ತರ ಬಂತು. ಮಗುವಿಗೆ ಏನೂ ಹೇಳಿಲ್ಲ. ಆದರೂ ಅವಳು ನನ್ನ ಹಿಂದೆಯೇ ಕೋಣೆಯಿಂದ ಕೋಣೆಗೆ ತಿರುಗುತ್ತಾಳೆ, “ಏನ್ ಹುಡುಕ್ತಿದೀರಾ ದೊಡ್ಡಮ್ಮ, ನಾನೂ ಹುಡುಕ್ತೀನಿ” ಅನ್ನುತ್ತಾಳೆ.

ಬದುಕಿದ್ದರೆ ಒಂದು ಅಕ್ಷರ ಹಾಕಿ. ನಿಮಗೆ ನನ್ನ ಮೇಲಿರುವ ಕೋಪ ಆಮೇಲೆ ನೋಡಿಕೊಳ್ಳೋಣ.

ಲಾಸ್ತೆನಿಯಾ


ಕಿಯಾಂಕೊ, 41ನೇ ಸಾಲು, 7ನೇ ಬಾಗಿಲು
7 ಜೂನ್ 1960

ಸೆನ್ಯೋರಾ ಲಾಸ್ತೆನಿಯಾ,

ಮುಷ್ಕರ ಮುಗಿಯಿತು. ನೆಲ ನಡುಗಿದ ಮೇಲೆ ಎರಡು ಕಡೆಯವರಿಗೂ ಹಟ ಹಿಡಿಯಲು ಜೀವ ಉಳಿದಿರಲಿಲ್ಲ. ಭಾನುವಾರ ಮಕ್ಕಳ ರೈಲು ಬಂತು. ಸಾಲಿನವರೆಲ್ಲ ಪ್ಲಾಟ್‌ಫಾರಮ್ಮಿನಲ್ಲಿದ್ದರು. ಒಂದೊಂದೇ ಡಬ್ಬಿಯಿಂದ ಮಕ್ಕಳನ್ನು ಇಳಿಸಿದರು, ಅವರವರ ಅಮ್ಮಂದಿರು ಎತ್ತಿಕೊಂಡು ಹೋದರು. ನಾನು ಕೊನೆಯ ಡಬ್ಬಿಯ ಒಳಗೆ ಹತ್ತಿ ಬೆಂಚಿನ ಕೆಳಗೂ ನೋಡಿದೆ. ನಮ್ಮ ಸಾಲಿನ ಕೊರಿನಾ ಬಂದು ಕೈ ಹಿಡಿದು ಇಳಿಸಿದಳು. “ಮಗೂಗೆ ಜ್ವರ ಅಂತೆ ಕಣೇ, ಮಕ್ಕಳ ಪಟ್ಟಿ ಹಿಡ್ಕೊಂಡೋನು ಹೇಳ್ದ.”

ಒಂದು ತಿಂಗಳಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ಜ್ವರವಿದ್ದರೆ ಹೆತ್ತವಳಿಗೆ ತಿಳಿಸುವುದಿಲ್ಲವೆ? ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅರ್ಥವಾಗಿದೆ. ಉಪಕಾರ ಮಾಡಿದವರನ್ನು ಕಳ್ಳರು ಎನ್ನಬಾರದು ಎಂದು ನನ್ನವ್ವ ಹೇಳುತ್ತಿದ್ದಳು. ನನ್ನ ಬಾಯಿಂದ ಆ ಮಾತು ಬರುವಂತೆ ಮಾಡಬೇಡಿ.

ಒಟಿಲಿಯಾ


ವಾಲ್ಪರೈಸೊ, 12 ಜೂನ್ 1960

ಒಟಿಲಿಯಾ,

ನೀವು ಬದುಕಿದ್ದೀರಿ. ಮೊದಲು ಅದಕ್ಕೆ ಅತ್ತೆ, ಆಮೇಲೆ ಪತ್ರ ಓದಿದೆ.

ನಾನು ಎರಡು ಪತ್ರ ಬರೆದಿದ್ದೇನೆ. ನೀವು ಹೇಳಿದ ಸಾಲು, ಹೇಳಿದ ಬಾಗಿಲು. ನಿಮಗೆ ತಲುಪಿಲ್ಲವೋ, ತಲುಪಿಯೂ ಹೀಗೆ ಬರೆದಿದ್ದೀರೋ ನನಗೆ ತಿಳಿಯುತ್ತಿಲ್ಲ.

ಜ್ವರ ಇರಲಿಲ್ಲ. ಸಮಿತಿಯವನು ಬಂದು “ರೈಲು ಹೊರಡ್ತಿದೆ, ಮಗು ರೆಡಿನಾ ಅಮ್ಮಾ?” ಎಂದು ಕೇಳಿದ. ಹಳೆಯ ಬೂಟು ಒರೆಸಿ ಬಾಗಿಲ ಬಳಿ ಇಟ್ಟಿದ್ದೆ. ಆದರೂ ಜ್ವರ ಅಂದೆ. ನಿಮ್ಮ ಮನೆ ಬಿದ್ದಿದೆಯೋ, ನೀವಿಬ್ಬರೂ ಹೋಗಿಬಿಟ್ಟಿದ್ದೀರೋ, ಮಗುವನ್ನು ಯಾರ ಕೈಗೆ ಕಳಿಸುವುದು ಎಂಬ ಹೆದರಿಕೆ. ಇದು ಅರ್ಧ ನಿಜ. ಇನ್ನರ್ಧ ನಿಮಗೆ ಗೊತ್ತೇ ಇದೆ, ನನ್ನ ಕೈಯಲ್ಲಿ ಬರೆಸಬೇಡಿ.

ಮನೆ ನಿಂತಿದೆ ಎಂದು ಒಂದು ಸಾಲು ಬರೆಯಿರಿ, ನಾನೇ ಕರೆದುಕೊಂಡು ಬರುತ್ತೇನೆ.

ಲಾಸ್ತೆನಿಯಾ


ಕಿಯಾಂಕೊ
20 ಜೂನ್ 1960

ಅಕ್ಕಾ,

ಈ ಪತ್ರದ ಮೇಲೆ ಬಾಗಿಲ ನಂಬರು ಇಲ್ಲ. ಮೇ ಏಳರಿಂದ ನಮಗೆ ಬಾಗಿಲಿಲ್ಲ.

ಪಟ್ಟಿಯಲ್ಲಿ ನಿವಾಲ್ದೊ ಹೆಸರು ಮೂರನೆಯದು. ನಿಮಗೆ ‘ಸೂರು ಗಟ್ಟಿಯಾಗಿದೆ’ ಎಂದು ಬರೆದಾಗ ಕಂಪನಿಯ ನೋಟಿಸು ಬಾಗಿಲಿಗೆ ಅಂಟಿತ್ತು. ಮಂಚ, ಪಾತ್ರೆ, ಮಾತೆಯ ಪಟ, ಎಲ್ಲ ಬೀದಿಗೆ ಬಂತು. ಅದೇ ದಿನ ಸಂಜೆ ಆ ಬಾಗಿಲಿಗೆ ತೆಂಕಣದ ಹೊಲಗಳಿಂದ ಕರೆತಂದ ಒಂದು ಸಂಸಾರ ಹೊಕ್ಕಿತು. ಮುಷ್ಕರ ಮುರಿಯಲು ಬಂದವರನ್ನು ನಾವು ಹಳದಿಗಳು ಅನ್ನುತ್ತೇವೆ. ಹಳದಿಯ ಬಾಗಿಲು ತಟ್ಟಬಾರದು, ಅವರ ಹೆಂಗಸರನ್ನು ನಲ್ಲಿಯಲ್ಲಿ ಮಾತಾಡಿಸಬಾರದು, ಭಟ್ಟಿಯಲ್ಲಿ ಅವರಿಗೆ ಪಾಳಿ ಕೊಡಬಾರದು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ನನ್ನಜ್ಜನ ಕಾಲದ ಮುಷ್ಕರದಿಂದ ಯಾರೂ ಮುರಿದಿಲ್ಲ. ಈಗ ನಾನು ಕೆಳಗಿನ ದಡದಲ್ಲಿ ತಗಡಿನ ಕೆಳಗೆ ಇದ್ದೇನೆ, ಅಲೆ ತಂದು ಹಾಕುವ ಕಲ್ಲಿದ್ದಲು ಬಾಚಿ ಮಾರುತ್ತೇನೆ. ನಿವಾಲ್ದೊಗೆ ಇಲ್ಲಿ ಇನ್ನು ಯಾರೂ ಕೆಲಸ ಕೊಡುವುದಿಲ್ಲ, ಅರ್ಜೆಂಟೀನಾದ ಗಡಿ ದಾಟಿ ಅಲ್ಲಿನ ಗಣಿಗೆ ಹೋಗಿದ್ದಾರೆ.

ನಿಮ್ಮ ಪತ್ರಗಳು ಎಲ್ಲಿ ಬೀಳುತ್ತಿವೆ ಎಂದು ನನಗೆ ಗೊತ್ತಿತ್ತು. ಹೊಸ ವಿಳಾಸ ಬರೆದರೆ ಮನೆಯಿಲ್ಲದವಳು ಎಂದು ತಿಳಿದುಹೋಗುತ್ತದೆ, ಮಗು ಬರುವುದಿಲ್ಲ. ಏಳನೇ ಬಾಗಿಲು ತಟ್ಟಿದರೆ ಸಾಲಿನ ಮುಂದೆ ಮುಖ ಎತ್ತುವಂತಿಲ್ಲ. ಗೊತ್ತಿದ್ದೂ ನಿಮ್ಮನ್ನು ಬೈದೆ. ಆ ಬಾಗಿಲು ತಟ್ಟುವುದಕ್ಕಿಂತ ನಿಮ್ಮನ್ನು ಬೈಯುವುದು ಸುಲಭವಾಗಿತ್ತು.

ನಿನ್ನೆ ತಟ್ಟಿದೆ. ಹಗಲಿನಲ್ಲೇ, ಎಲ್ಲರೂ ನೋಡುವಾಗ. ತೆಗೆದವಳು ನನಗಿಂತ ಚಿಕ್ಕವಳು, ಎದುವಿನಾ ಅಂತ.

“ಕಾಗದ ಬಂದಿದ್ವಾ?” ಅಂದೆ.

“ಮೂರು ಬಂದವೆ. ನಂಗೆ ಓದೋಕೆ ಬರಲ್ಲ. ನಂದಲ್ಲ ಅಂತ ಗೊತ್ತಿತ್ತು, ನಂಗ್ಯಾರು ಬರೀತಾರೆ?”

“ಗೊತ್ತಿದ್ದೂ ಇಟ್ಕೊಂಡ್ಯಾ?”

“ಯಾರಿಗ್ ಕೊಡ್ಲವ್ವ? ಕೈಯಾಗ್ ಹಿಡ್ಕೊಂಡು ನಲ್ಲಿ ಹತ್ರ ಹೋದೆ, ಎಲ್ರೂ ಕೊಡ ಎತ್ಕೊಂಡು ಹೊಂಟೋದ್ರು.”

ನಾನೂ ಆ ದಿನ ನಲ್ಲಿಯ ಹತ್ತಿರ ಇದ್ದೆ ಅಕ್ಕಾ. ಮೊದಲು ಕೊಡ ಎತ್ತಿದವಳು ನಾನು. ಅವಳ ಕೈಯಲ್ಲಿ ಏನಿತ್ತೆಂದು ನೋಡಲಿಲ್ಲ.

ಒಲೆಯ ಪಕ್ಕದಿಂದ ಮೂರನ್ನೂ ತಂದುಕೊಟ್ಟಳು, ಒಂದೂ ಒಡೆದಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ತಾರೀಖಿನ ಪ್ರಕಾರ ಓದಿದೆ. ಓದಿ ಮುಗಿಸಿ ತಲೆ ಎತ್ತಿದರೆ ಅವಳು ಇನ್ನೂ ನಿಂತೇ ಇದ್ದಳು, ಕೈಯಲ್ಲಿ ನಾದಿದ ಹಿಟ್ಟಿನ ತಟ್ಟೆ. ಆರು ವಾರದಿಂದ ಭಟ್ಟಿ ಸಿಗದೆ ಅವರು ಹಿಟ್ಟನ್ನು ಅಂಬಲಿ ಕಾಯಿಸಿ ಕುಡಿಯುತ್ತಿದ್ದಾರಂತೆ. ತಟ್ಟೆ ತೆಗೆದುಕೊಂಡು ಭಟ್ಟಿಗೆ ನಡೆದೆ.

ಕೊರಿನಾ ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನೇ, ನಿನ್ನನ್ನ ಬೀದಿಗೆ ಹಾಕ್ದೋರ ಹಿಟ್ಟು ಹೊತ್ಕೊಂಡ್ ಬಂದಿದೀಯಲ್ಲೇ?”

“ಬೀದಿಗೆ ಹಾಕಿದ್ದು ಕಂಪನಿ. ಜಾಗ ಬಿಡು, ಹಿಟ್ಟು ಉಬ್ಬಿದೆ.”

“ನಿವಾಲ್ದೊ ಕೇಳಿದ್ರೆ ಏನಂತಾನೆ?”

“ಅವ್ರು ಬಂದ್ಮೇಲೆ ಅವರನ್ನೇ ಕೇಳು.”

ಯಾರೂ ಸರಿಯಲಿಲ್ಲ, ಯಾರೂ ತಡೆಯಲೂ ಇಲ್ಲ, ನಡುವೆ ನುಗ್ಗಿ ರೊಟ್ಟಿ ಸುಟ್ಟು ಅವಳಿಗೆ ಕೊಟ್ಟೆ. ಇವತ್ತು ನನ್ನೊಡನೆ ಯಾರೂ ಮಾತಾಡುತ್ತಿಲ್ಲ. ಅಭ್ಯಾಸವಾಗುತ್ತದೆ.

ಜ್ವರದ ಸುಳ್ಳಿಗೆ ನಿಮ್ಮನ್ನು ಬೈಯುವ ಹಕ್ಕು ನನಗಿದೆ. ಸೂರಿನ ಸುಳ್ಳಿಗೆ ನನ್ನನ್ನು ಬೈಯುವ ಹಕ್ಕು ನಿಮಗಿದೆ. ಈಗ ನಿಮಗೆ ಎಲ್ಲ ಗೊತ್ತು. ನೀವು ಸಮಿತಿಗೆ ಹೇಳಿದರೆ ‘ತಗಡಿನ ಕೆಳಗೆ ಮಗು ಬೇಡ’ ಎಂದು ಅವರೂ ಅನ್ನಬಹುದು. ಆದರೆ ಅವಳು ನನಗೆ ಬೇಕು. ಅವಳಿಲ್ಲದೆ ನಾನು ಈ ದಡದಲ್ಲಿ ಹುಚ್ಚಿಯ ಹಾಗೆ ತಿರುಗುತ್ತಿದ್ದೇನೆ. ಭಾನುವಾರದ ರೈಲಿಗೆ ವಾಲ್ಪರೈಸೊಗೆ ಬರುತ್ತೇನೆ. ಸ್ಟೇಷನ್ನಿಗೆ ಅವಳನ್ನು ಕರೆತನ್ನಿ. ಒಂದೇ ಬೇಡಿಕೆ: ಯಾರ ಹತ್ತಿರ ಇರುತ್ತೀಯ ಎಂದು ಅವಳನ್ನು ಕೇಳಬೇಡಿ. ಯಾವ ಉತ್ತರ ಕೊಟ್ಟರೂ ಅದನ್ನು ಆ ಕೂಸು ಬದುಕೆಲ್ಲ ಹೊರಬೇಕಾಗುತ್ತದೆ.

ಒಟಿಲಿಯಾ


ಕಿಯಾಂಕೊ, ಕೆಳಗಿನ ದಡ
6 ಜುಲೈ 1960

ಅಕ್ಕಾ,

ಊರು ತಲುಪಿ ಒಂಬತ್ತು ದಿನವಾಯಿತು. ಪತ್ರ ಏಳನೇ ಬಾಗಿಲಿಗೇ ಬರೆಯಿರಿ, ಎದುವಿನಾ ತಂದುಕೊಡುತ್ತಾಳೆ.

ಸ್ಟೇಷನ್ನಿನಲ್ಲಿ ನಿಮ್ಮ ಕೈಯಿಂದ ಅವಳ ಕೈ ತೆಗೆದುಕೊಂಡಾಗ ನಿಮ್ಮ ಜೊತೆ ಸರಿಯಾಗಿ ನಾಲ್ಕು ಮಾತೂ ಆಡಲಿಲ್ಲ. ಅವಳು ಅಳಲಿಲ್ಲ, ನೀವು ನೋಡಿದಿರಿ. ನನ್ನನ್ನು ನೋಡಿಯೂ ಅಳಲಿಲ್ಲ, ನಿಮ್ಮನ್ನು ಬಿಡುವಾಗಲೂ ಅಳಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಆದರೆ ಇಲ್ಲಿಗೆ ಬಂದ ಮೇಲೂ ಹಾಗೇ ಇದ್ದಾಳೆ. ಗಂಜಿ ಕೊಟ್ಟರೆ ‘ಥ್ಯಾಂಕ್ಸ್’ ಅನ್ನುತ್ತಾಳೆ. ಹಾಸಿಗೆ ತಾನೇ ಮಡಚುತ್ತಾಳೆ. ತಗಡಿನ ಮನೆ ನೋಡಿ ಏನೂ ಕೇಳಲಿಲ್ಲ. ಮೊನ್ನೆ ಚಿಪ್ಪು ಕುಯ್ದು ಅಂಗಾಲಿನಿಂದ ರಕ್ತ ಸುರಿಯಿತು, ತುಟಿ ಕಚ್ಚಿಕೊಂಡು ನನ್ನ ಮುಖ ನೋಡುತ್ತಾ ಕೂತಳು. “ಅಳೇ, ನೋವಾಗುತ್ತಲ್ಲ” ಅಂದೆ. ತಲೆ ಅಲ್ಲಾಡಿಸಿದಳು. ನೆಂಟರ ಮನೆಗೆ ಬಂದವರ ಹಾಗೆ ಇದ್ದಾಳೆ. ನನ್ನ ಮಗಳ ಮೈ ಮಾತ್ರ ಬಂದಿದೆ ಅಂತ ಒಂದೊಂದು ಸಲ ಅನ್ನಿಸುತ್ತದೆ.

ನಿಮ್ಮನ್ನು ದೂರುತ್ತಿಲ್ಲ. ಅಥವಾ ದೂರುತ್ತಿದ್ದೇನೋ ಏನೋ. ಅಲ್ಲಿ ಅವಳಿಗೆ ಏನಾದರೂ ಹೇಳಿಕೊಟ್ಟಿರಾ?

ಒಟಿಲಿಯಾ


ವಾಲ್ಪರೈಸೊ, 11 ಜುಲೈ 1960

ತಂಗಿ,

ಹೇಳಿಕೊಟ್ಟೆ. ನಿಮ್ಮ ಪತ್ರ ಓದುವವರೆಗೆ ಅದು ಹೇಳಿಕೊಟ್ಟದ್ದು ಎಂದು ನನಗೇ ತಿಳಿದಿರಲಿಲ್ಲ.

ಯಾರು ಬೇಕು ಎಂದು ನಾನು ಅವಳನ್ನು ಕೇಳಲಿಲ್ಲ, ಮಾತು ಉಳಿಸಿಕೊಂಡಿದ್ದೇನೆ. ಆದರೆ ಆ ಭಾನುವಾರ ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ಅವಳೇ ನಿಂತಳು. “ದೊಡ್ಡಮ್ಮ, ಅಮ್ಮನ್ನ ನೋಡಿ ಅತ್ರೆ ನಿಮಗೆ ಬೇಜಾರಾಗುತ್ತೆ. ನಿಮ್ಮನ್ನ ಬಿಟ್ಟು ಅತ್ರೆ ಅಮ್ಮಂಗೆ ಬೇಜಾರಾಗುತ್ತೆ. ಯಾವಾಗ ಅಳ್ಲಿ?” ಎಂದು ಕೇಳಿದಳು.

ಅವಳು ಅತ್ತರೆ ಕೈ ಬಿಡಿಸಿಕೊಳ್ಳಲು ನನ್ನಿಂದಾಗದು ಅನ್ನಿಸಿತು. “ಎರಡು ಕಡೆನೂ ಅಳಬೇಡ ಪುಟ್ಟಿ. ಜಾಣೆ ಹಂಗಿರು” ಅಂದೆ. “ಹೂಂ” ಅಂದಳು, ಮತ್ತೆ ಇಳಿಯತೊಡಗಿದಳು.

ಎಲ್ಲಿಯವರೆಗೆ ಎಂದು ನಾನು ಹೇಳಲಿಲ್ಲ. ಅವಳು ಆ ಮಾತನ್ನು ಇನ್ನೂ ನಡೆಸುತ್ತಿದ್ದಾಳೆ.

ಈ ಪತ್ರ ಓದಿ ಮುಗಿಸಿದ ತಕ್ಷಣ ಅವಳನ್ನು ಮಡಿಲಲ್ಲಿ ಕೂರಿಸಿಕೊಳ್ಳಿ. ಇನ್ನು ಅಳಬಹುದು ಎಂದು ಹೇಳಿ. ದೊಡ್ಡಮ್ಮನೇ ಹೇಳಿದ್ದಾಳೆ ಎಂದು ಹೇಳಿ, ಇಲ್ಲದಿದ್ದರೆ ಅವಳು ಒಪ್ಪುವುದಿಲ್ಲ.

ಲಾಸ್ತೆನಿಯಾ